ಅಂಗೈಯಿಂದ ಪೀಠಕ್ಕೆ



ಇಂದು ನಾನು ಮಾತನಾಡಹೊರಟಿರುವ ವಸ್ತು ಬಲು ಸಣ್ಣದು. ಅಂಗೈಯಗಲ, ಮಡಿಸಿದರೆ ಜೇಬಿನಲ್ಲಿ ಅಡಗಿಕೊಳ್ಳುತ್ತದೆ. ಮೊಬೈಲು ಫೋನನ್ನೋ, ಅದಕ್ಕಿಂತ ಕೊಂಚ ದೊಡ್ಡದಾಗಿ ಹಿಂದಿನ ಕಾಲದ ಸ್ಲೇಟಿನಂತೆ ಕಾಣುವ ಟ್ಯಾಬ್ಲೆಟ್ಟನ್ನೋ ಮೇಜಿನ ಮೇಲೆ ಒರಗಿಸಿ ನಿಲ್ಲಿಸುವುದಕ್ಕೆ ಈಗ ಮನೆಮನೆಯಲ್ಲಿಯೂ ಬಳಕೆಗೆ ಬಂದಿರುವ ಪುಟ್ಟ ಸ್ಟ್ಯಾಂಡು ಅದು. ಹಳಗನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಮಾತನಾಡಲು ಬೇರೆ ವಿಷಯ ಸಿಕ್ಕಲಿಲ್ಲವೆ ಎಂದು ನೀವು ಕೇಳಿದರೆ ತಪ್ಪಲ್ಲ. ನಾನೂ ಆ ಪ್ರಶ್ನೆಯನ್ನು ಕೇಳಿಕೊಂಡೆ. ಆದರೆ ಈ ತಗಡಿನ ತುಂಡು ನಮ್ಮ ಮಂಡಕಳ್ಳಿಯ ಒಂದು ಮನೆಯಲ್ಲಿ ಎಬ್ಬಿಸಿದ ವಾದ, ನಾನು ಕಂಡ ಎಷ್ಟೋ ವಿಚಾರಗೋಷ್ಠಿಗಳ ವಾದಕ್ಕಿಂತ ತೂಕದ್ದಾಗಿತ್ತು. ಆ ಕಥೆಗೆ ಬರುತ್ತೇನೆ. ಅದಕ್ಕೆ ಮುಂಚೆ ಒಂದಿಷ್ಟು ಪೀಠಿಕೆ. ಪೀಠದ ವಿಷಯಕ್ಕೆ ಪೀಠಿಕೆ ಇಲ್ಲದಿದ್ದರೆ ಹೇಗೆ?

ಈ ವಸ್ತುವಿನ ಅಗತ್ಯ ನನಗೆ ಮೊದಲು ತಿಳಿದದ್ದು 2020ರಲ್ಲಿ. ಕೊರೋನಾ ಬಂದು ಕಾಲೇಜಿನ ಬಾಗಿಲು ಮುಚ್ಚಿತು. ಪಾಠ ಮಾತ್ರ ನಿಲ್ಲಕೂಡದೆಂದು ಅಪ್ಪಣೆಯಾಯಿತು. ನನ್ನ ವೃತ್ತಿಯ ಕೊನೆಯ ದಿನಗಳು ಅವು. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಪುಸ್ತಕ ಹಿಡಿದು ಪಾಠಕ್ಕೆ ಕುಳಿತೆ. ಹತ್ತು ನಿಮಿಷದಲ್ಲಿ ಎಡಗೈ ನಡುಗಲಾರಂಭಿಸಿತು. ವಿದ್ಯಾರ್ಥಿಗಳಿಗೆ ಅಧ್ಯಾಪಕರ ಮುಖಕ್ಕೆ ಬದಲು ಅವರ ಮೂಗಿನ ಹೊಳ್ಳೆಗಳೂ ಮೇಲೆ ತಿರುಗುವ ಫ್ಯಾನೂ ದರ್ಶನ ಕೊಡುತ್ತಿದ್ದುವೆಂದು ಆಮೇಲೆ ಗೊತ್ತಾಯಿತು. ಕೊನೆಗೆ ಕೈಗೆ ಸಿಕ್ಕಿದ ದಪ್ಪ ಪುಸ್ತಕವೊಂದಕ್ಕೆ ಫೋನನ್ನು ಆನಿಸಿ ನಿಲ್ಲಿಸಿದೆ. ಪಾಠ ಮುಗಿದ ಮೇಲೆ ನೋಡಿದರೆ ಅದು ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಒಂದು ಸಂಪುಟ! 1970ರಲ್ಲಿ ಮೊದಲ ಸಂಪುಟ ಹೊರಬಂದು 1995ರಲ್ಲಿ ಎಂಟನೆಯದು ಮುಗಿದ ಮಹಾಕಾರ್ಯ. ನಾಡಿನ ವಿದ್ವಾಂಸರ ಎರಡು ತಲೆಮಾರಿನ ದುಡಿಮೆ. ಅದನ್ನು ನಾನು ಗೋಡೆಯ ಹಾಗೆ ಬಳಸಿಕೊಂಡಿದ್ದೆ. ಆದರೂ ಆ ನಿಘಂಟಿನಷ್ಟು ಗಟ್ಟಿಯಾಗಿ ನಿಲ್ಲುವ ವಸ್ತು ಮನೆಯಲ್ಲಿ ಬೇರೊಂದು ಇರಲಿಲ್ಲ, ಆದ್ದರಿಂದ ಮರುದಿನವೂ ಅದನ್ನೇ ತೆಗೆದುಕೊಂಡೆ. ಮುಂದೆ ಜಾರದಂತೆ ಪೆನ್ಸಿಲಿನ ಬರಹ ಅಳಿಸುವ ರಬ್ಬರಿನ ತುಂಡೊಂದನ್ನು ತಡೆಯಾಗಿ ಇಟ್ಟದ್ದಷ್ಟೇ ಹೊಸ ಸುಧಾರಣೆ. ಆ ದಿನಗಳಲ್ಲಿ ನಮ್ಮ ವಿದ್ಯಾರ್ಥಿಗಳೂ ಹೀಗೆಯೇ ನೀರಿನ ಚೊಂಬಿಗೆ, ಅಕ್ಕಿಯ ಡಬ್ಬಕ್ಕೆ, ಕಿಟಕಿಯ ಸರಳಿಗೆ ಫೋನನ್ನು ಒರಗಿಸಿಕೊಂಡು ಪಾಠ ಕೇಳಿದರು. ಮಾರನೆಯ ವರ್ಷ ನನ್ನ ಮಗ ಈ ಸ್ಟ್ಯಾಂಡನ್ನು ತಂದುಕೊಟ್ಟ. ನಿಘಂಟು ತನ್ನ ಕಪಾಟಿಗೆ ಮರಳಿತು.

ಇದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ಯೋಚಿಸಿದ್ದುಂಟು. ಆನಿಸಲು ಇರುವುದು 'ಆನಿಕೆ' ಎನ್ನಬಹುದು. ಆದರೆ ಪೇಟೆಯ ಅಂಗಡಿಯಲ್ಲಿ ಹೋಗಿ 'ಒಂದು ಆನಿಕೆ ಕೊಡಿ' ಎಂದರೆ ಅಂಗಡಿಯವನು ಗಾಬರಿಯಾದಾನು. ಸ್ಟ್ಯಾಂಡು ಎಂದೇ ಇರಲಿ. ಹೆಸರು ಹೊಸದಾದರೂ ವಸ್ತು ಹೊಸದಲ್ಲ ಎಂಬುದಷ್ಟೇ ನಾನು ಹೇಳಬೇಕಾದ್ದು.

ಜೈನರ ನಿಷಿಧಿ ಕಲ್ಲುಗಳನ್ನು ನೋಡಿದವರಿಗೆ ಒಂದು ಚಿತ್ರ ನೆನಪಿರಬಹುದು. ಒಂದು ಕಡೆ ಗುರು ಕುಳಿತಿದ್ದಾನೆ. ಎದುರಿಗೆ ಶಿಷ್ಯ, ಅಥವಾ ಸಮಾಧಿಮರಣವನ್ನು ಕೈಗೊಂಡ ವ್ಯಕ್ತಿ. ಇಬ್ಬರ ನಡುವೆ ಅಡ್ಡಡ್ಡ ನಿಲ್ಲಿಸಿದ ಕೋಲುಗಳಂತೆ ಕಾಣುವ ಒಂದು ಸಾಧನ. ಅದೇ ಠವಣೆಕೋಲು, ಗ್ರಂಥವನ್ನು ಇಡುವ ಪೀಠ. ಕಲ್ಲುಕುಟಿಗನಿಗೆ ಇದ್ದ ಸ್ಥಳ ಒಂದು ಗೇಣು, ಅದರಲ್ಲಿ ಏನನ್ನಾದರೂ ಬಿಡಬಹುದಾಗಿತ್ತು, ಇದನ್ನು ಬಿಟ್ಟಿಲ್ಲ. ಉಪದೇಶ ನಡೆಯುತ್ತಿದೆ ಎಂದು ಕಲ್ಲಿನಲ್ಲಿ ಹೇಳುವುದಕ್ಕೆ ಅವನಿಗೆ ಆ ಪೀಠವೇ ಗುರುತು. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಅದರ ಸ್ಥಾನ. ಗ್ರಂಥ ಗುರುವಿನ ಮಡಿಲಿನಲ್ಲಿಲ್ಲ, ಶಿಷ್ಯನ ಕೈಯಲ್ಲಿಲ್ಲ. ಇಬ್ಬರಿಗೂ ನಡುವೆ ಇದೆ.

ಗ್ರಂಥಕ್ಕೆ ಪೀಠವಿಲ್ಲದೆ ದುಡಿದವರ ಪಾಡು ಏನಾಗಿತ್ತೆಂಬುದಕ್ಕೂ ಸಾಕ್ಷಿ ಉಂಟು. ಎಡಗೈಯಲ್ಲಿ ಓಲೆಗರಿ ಹಿಡಿದು, ಬಲಗೈಯ ಕಬ್ಬಿಣದ ಕಂಟದಿಂದ ಅಕ್ಷರ ಕೊರೆಯುತ್ತಿದ್ದ ಲಿಪಿಕಾರರು ಎಷ್ಟೋ ಹಸ್ತಪ್ರತಿಗಳ ಕೊನೆಯಲ್ಲಿ ಒಂದು ಗೋಳನ್ನು ತೋಡಿಕೊಂಡಿದ್ದಾರೆ: ಬೆನ್ನು, ಸೊಂಟ, ಕೊರಳು ಮುರಿದುಹೋದುವು, ತಲೆ ತಗ್ಗಿಸಿ ನೋಡಿ ನೋಡಿ ಕಣ್ಣು ಮರಗಟ್ಟಿತು, ಇಷ್ಟು ಕಷ್ಟಪಟ್ಟು ಬರೆದ ಇದನ್ನು ಜೋಪಾನ ಮಾಡಿರಪ್ಪ ಎಂದು. ಮೈಸೂರಿನಲ್ಲಿ 1891ರಲ್ಲಿ ಹುಟ್ಟಿ ಇಂದು ಪ್ರಾಚ್ಯ ವಿದ್ಯಾ ಸಂಶೋಧನಾಲಯವೆಂದು ಕರೆಸಿಕೊಳ್ಳುವ ಸಂಸ್ಥೆಯ ಓಲೆಕಟ್ಟುಗಳನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಕೌಟಿಲ್ಯನ ಅರ್ಥಶಾಸ್ತ್ರ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು ಅಲ್ಲಿಯೇ, 1909ರಲ್ಲಿ ಅಚ್ಚಾಯಿತು. ಯಾವನೋ ಅಜ್ಞಾತ ಲಿಪಿಕಾರನ ಕೊರಳು ನೋಯದೆ ಹೋಗಿದ್ದರೆ ಆ ಗ್ರಂಥ ನಮಗೆ ಸಿಗುತ್ತಿರಲಿಲ್ಲ.

ಆ ಕೊರಳು ನೋವು ಈಗ ಲಿಪಿಕಾರರನ್ನು ಬಿಟ್ಟು ನಮ್ಮೆಲ್ಲರಿಗೂ ಹಂಚಿಕೆಯಾಗಿದೆ. ನ್ಯೂಯಾರ್ಕಿನ ಬೆನ್ನೆಲುಬಿನ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಿದರು. ನೆಟ್ಟಗಿರುವ ತಲೆಯಿಂದ ಕೊರಳಿನ ಎಲುಬಿಗೆ ಬೀಳುವ ಭಾರ ಸುಮಾರು 5 ಕಿಲೋ; ತಲೆ 15 ಡಿಗ್ರಿ ಬಾಗಿದರೆ ಅದು 12 ಕಿಲೋ ಆಗುತ್ತದೆ; 60 ಡಿಗ್ರಿ ಬಾಗಿದರೆ 27. ಇದು ಗಣಿತದ ಮಾದರಿಯಿಂದ ತೆಗೆದ ಲೆಕ್ಕವೇ ಹೊರತು ಯಾರ ಕೊರಳಿಗೂ ತಕ್ಕಡಿ ಕಟ್ಟಿ ತೂಗಿದ್ದಲ್ಲ. ಅಂಕಿಗಳನ್ನು ವೇದವಾಕ್ಯವೆಂದು ಹಿಡಿಯಬೇಕಾಗಿಲ್ಲ. ಆದರೂ ಬಸ್ಸಿನಲ್ಲಿ ಎದುರು ಸಾಲಿನ ಆರು ಜನ ಅಂಗೈಯನ್ನು ನೋಡುತ್ತ ತಲೆ ತಗ್ಗಿಸಿ ಕುಳಿತಿರುವುದನ್ನು ಕಂಡಾಗ, ಒಬ್ಬೊಬ್ಬರ ಕತ್ತಿನ ಮೇಲೂ ಒಂದೊಂದು ಅಕ್ಕಿಯ ಮೂಟೆ ಕುಳಿತಿರುವಂತೆ ನನಗೆ ತೋರುತ್ತದೆ.

ಇನ್ನು ವ್ಯಾಸಪೀಠ. ನಮ್ಮ ಹಿರಿಯರ ಮನೆಗಳಲ್ಲಿ ಪಾರಾಯಣಕ್ಕೂ ಗಮಕ ವಾಚನಕ್ಕೂ ಇದು ಇರಲೇಬೇಕಾಗಿತ್ತು. ಮಸೀದಿಗಳಲ್ಲಿ ಕುರಾನನ್ನು ಇಟ್ಟು ಓದುವ ರೇಹಲ್ ಕೂಡ ಇದೇ ಆಕಾರದ್ದು. ದೇವರು ಬೇರೆ ಬೇರೆಯಾದರೂ ಬಡಗಿ ಒಬ್ಬನೇ ಇದ್ದಾನು. ಇದನ್ನು ಮಾಡುವ ಬಗೆಯನ್ನು ನೋಡಿಯೇ ತಿಳಿಯಬೇಕು. ಒಂದೇ ಹಲಗೆ, ನಮ್ಮ ಕಡೆ ಬೀಟೆ ಅಥವಾ ಸಾಗುವಾನಿ. ಮಧ್ಯಭಾಗದಲ್ಲಿ ಎರಡು ಕಡೆಯಿಂದಲೂ ಉಳಿಯಿಂದ ಕೆತ್ತಿ, ಒಂದರೊಳಗೊಂದು ಹೆಣೆದ ಬೆರಳುಗಳಂತೆ ಕೀಲನ್ನು ಬಿಡಿಸುತ್ತಾರೆ. ಆಮೇಲೆ ಹಲಗೆಯನ್ನು ಅದರ ದಪ್ಪದಲ್ಲಿ, ಮೇಲಿನ ತುದಿಯಿಂದ ಕೀಲಿನವರೆಗೆ, ಕೆಳಗಿನ ತುದಿಯಿಂದ ಕೀಲಿನವರೆಗೆ ಗರಗಸದಿಂದ ಸೀಳುತ್ತಾರೆ. ಈಗ ತೆರೆದರೆ ಅದು ಕತ್ತರಿಯಂತೆ ಬಿಚ್ಚಿಕೊಳ್ಳುತ್ತದೆ. ಮೊಳೆಯಿಲ್ಲ, ಅಂಟಿಲ್ಲ, ಜೋಡಣೆಯಿಲ್ಲ. ಎರಡಾಗಿ ಕಂಡರೂ ಮರ ಒಂದೇ, ಬೇರೆ ಮಾಡಲು ಬಾರದು. ಅದ್ವೈತಿಗಳು ಇದನ್ನು ದೃಷ್ಟಾಂತವಾಗಿ ಬಳಸದೆ ಹೋದದ್ದು ನನಗೆ ಆಶ್ಚರ್ಯ.

ಆದರೆ ವ್ಯಾಸಪೀಠ ನೆಲದ ಮೇಲೆ ಕುಳಿತುಕೊಳ್ಳುವ ಮನುಷ್ಯನಿಗಾಗಿ ಹುಟ್ಟಿದ್ದು. ಅವನು ಚಕ್ಕಲಮಕ್ಕಲ ಹಾಕಿ ಚಾಪೆಯ ಮೇಲೆ ಕೂತರೆ ಗ್ರಂಥ ಅವನ ಎದೆಗಿಂತ ಕೆಳಗೆ, ಕಣ್ಣಿಗೆ ಹಿತವಾದ ಇಳಿಜಾರಿನಲ್ಲಿ ಇರುತ್ತದೆ. ಶ್ಯಾನುಭೋಗರ ಮುಂದಿನ ಇಳಿಜಾರು ಮುಚ್ಚಳದ ಪೆಟ್ಟಿಗೆಯ ಲೆಕ್ಕವೂ ಇದೇ. ನಾವು ಕುರ್ಚಿಗೆ ಏರಿದೆವು. ಪೀಠ ನೆಲದಲ್ಲಿಯೇ ಉಳಿಯಿತು. ಕುರ್ಚಿಗೆ ತಕ್ಕ ಮೇಜೇನೋ ಬಂತು, ಆದರೆ ಅದು ಚಪ್ಪಟೆ. ಅದರ ಮೇಲೆ ಪುಸ್ತಕ ಮಲಗಿತು, ಓದುವವನ ಕತ್ತು ಬಾಗಿತು. ವ್ಯಾಸಪೀಠ ದೇವರ ಮನೆಗೋ ಅಟ್ಟಕ್ಕೋ ಹೋಗಿ ಸೇರಿಕೊಂಡಿತು.

ನಡುವೆ ಒಂದು ವಿದ್ಯುತ್ ಯಂತ್ರಕ್ಕೆ ಮಾತ್ರ ನಾವು ಪೀಠ ಕಟ್ಟಿಕೊಟ್ಟಿದ್ದೆವು. ಅದು ರೇಡಿಯೋ. ಮೈಸೂರಿನಲ್ಲಿ 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದರು. ಆಕಾಶವಾಣಿ ಎಂಬ ಹೆಸರು ಆ ಪುಟ್ಟ ನಿಲಯದ್ದು. ಅದಾದ ಮೇಲೆ ಕೊಳ್ಳುವ ಶಕ್ತಿಯಿದ್ದವರ ಮನೆಗಳ ನಡುಮನೆಯ ಗೋಡೆಗೆ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ, ಮರದ ಒಂದು ಹಲಗೆ ಬಂತು. ಅದರ ಮೇಲೆ ವಾಲ್ವಿನ ರೇಡಿಯೋ, ರೇಡಿಯೋದ ಮೇಲೆ ಹೆಣಿಗೆಯ ಬಟ್ಟೆ. ಬೀದಿಯವರೆಲ್ಲ ಕೆಳಗೆ ಕೂತು ಕೇಳುತ್ತಿದ್ದರು. ನಾನು ಹುಡುಗನಾಗಿದ್ದಾಗ ರೇಡಿಯೋ ಒಬ್ಬೊಬ್ಬರದಾಗಿ ಇರಲಿಲ್ಲ, ಮನೆಯದಾಗಿತ್ತು. ಟ್ರಾನ್ಸಿಸ್ಟರು ಬಂದು ಅದನ್ನು ಹೆಗಲಿಗೆ ಇಳಿಸಿತು. ಮೊಬೈಲು ಬಂದು ಎಲ್ಲವನ್ನೂ ಅಂಗೈಗೆ ಇಳಿಸಿತು. ಅಂಗೈಯಲ್ಲಿರುವುದು ಒಬ್ಬನದು. ಪಕ್ಕದಲ್ಲಿ ಕುಳಿತವನು ಅದನ್ನು ಇಣುಕಿ ನೋಡಿದರೆ ಅಸಭ್ಯತೆ.

ಇಷ್ಟು ಪೀಠಿಕೆ ಸಾಕು. ಮಂಡಕಳ್ಳಿಗೆ ಬರುತ್ತೇನೆ.

ಮಂಡಕಳ್ಳಿ ಎಂದರೆ ಮೈಸೂರಿನವರಿಗೆ ವಿಮಾನ ನಿಲ್ದಾಣ. ಪೇಟೆಯಿಂದ ನಂಜನಗೂಡು ರಸ್ತೆಯಲ್ಲಿ ಸುಮಾರು ಹತ್ತು ಕಿಲೋಮೀಟರು. ಅರಸರ ಕಾಲದಿಂದ ಇದ್ದ ಇಳಿದಾಣಕ್ಕೆ 2010ರಲ್ಲಿ ಹೊಸ ಕಟ್ಟಡವಾಯಿತು. ವಿಮಾನ ಹತ್ತಿ ಹೋಗುವವರು ಈ ಹೆಸರನ್ನು ಹಲಗೆಯ ಮೇಲೆ ಓದುತ್ತಾರೆ; ಊರನ್ನು ನೋಡುವುದಿಲ್ಲ. ನಿವೃತ್ತನಾದ ಮೇಲೆ ನಾನು ಇಲ್ಲಿಗೆ ಬಂದು ನೆಲೆಸಿದೆ. ಬಂದ ವಾರದಲ್ಲಿಯೇ ಒಂದು ಮನೆಯ ಜಗಲಿಯಿಂದ ಭಾಮಿನಿ ಷಟ್ಪದಿಯ ದನಿ ಕೇಳಿ ನಿಂತುಬಿಟ್ಟೆ. ಹಾಗೆ ಪರಿಚಯವಾದವರು ಈ ಕಥೆಯ ನಾಯಕರು. ಹೆಸರು ಬೇಡ, ಊರಿನವರಂತೆ ನಾನೂ ಮೇಷ್ಟ್ರು ಎನ್ನುತ್ತೇನೆ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವರು, ನನಗಿಂತ ಹತ್ತು ವರ್ಷಕ್ಕೆ ಹಿರಿಯರು. ಪ್ರತಿ ಶನಿವಾರ ಸಂಜೆ ಅವರ ಜಗಲಿಯಲ್ಲಿ ಕುಮಾರವ್ಯಾಸ ಭಾರತದ ವಾಚನ. ಕೇಳುವವರು ಐದಾರು ಮಂದಿ, ಹಾಲು ಹಾಕಿ ಬರುವವರು, ಹೊಲದಿಂದ ಮರಳುವವರು. ಅವರ ತಾತನ ಕಾಲದ ಬೀಟೆ ಮರದ ವ್ಯಾಸಪೀಠ. ಅದರ ಮೇಲೆ 1958ರಲ್ಲಿ ಮೈಸೂರು ಸರ್ಕಾರ ಕುವೆಂಪು ಮತ್ತು ಮಾಸ್ತಿಯವರ ಸಂಪಾದಕತ್ವದಲ್ಲಿ ಹೊರತಂದ ಸುಲಭ ಬೆಲೆಯ ಆವೃತ್ತಿ. ಬೈಂಡು ಮೂರು ಸಲ ಬದಲಾಗಿದೆ ಎಂದು ಅವರೇ ಹೇಳಿದ್ದರು.

ಮೇಷ್ಟ್ರಿಗೆ ಲಕ್ವ ಹೊಡೆಯಿತು. ಪ್ರಾಣ ಉಳಿಯಿತು, ಬಲಗೈ ಹೋಯಿತು, ನಾಲಗೆ ತೊದಲಿತು. ನೆಲದ ಮೇಲೆ ಕೂರಲು ಆಗುತ್ತಿರಲಿಲ್ಲ. ಮೇಜಿನ ಮೇಲೆ ಪುಸ್ತಕವಿಟ್ಟರೆ ಹಳೆಯ ಬೈಂಡು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಎಡಗೈಯಿಂದ ಪುಟವನ್ನು ಒತ್ತಿ ಹಿಡಿದರೆ ಮಗುಚುವುದಕ್ಕೆ ಕೈಯಿಲ್ಲ, ಮಗುಚಲು ಹೋದರೆ ಒತ್ತಿ ಹಿಡಿಯಲು ಕೈಯಿಲ್ಲ. ಜೊತೆಗೆ ಕಣ್ಣಿಗೆ ಆ ಸಣ್ಣ ಅಚ್ಚು ನಿಲುಕದು. ಪ್ರತಿ ದಿನ ಗಟ್ಟಿಯಾಗಿ ಓದಬೇಕು, ಓದಿದರೆ ನಾಲಗೆ ತಿದ್ದಿಕೊಳ್ಳುತ್ತದೆ ಎಂದು ಮಾತಿನ ಚಿಕಿತ್ಸೆಯವರು ಹೇಳಿದ್ದರು. ಪತ್ರಿಕೆಯ ತಲೆಬರಹಗಳನ್ನು ಎರಡು ದಿನ ಓದಿದರು. 'ಇದಕ್ಕಾಗಿ ನಾಲಗೆ ತಿದ್ದಿಕೊಳ್ಳಬೇಕೆ?' ಎಂದು ಬಿಟ್ಟುಬಿಟ್ಟರು. ಅದಾದ ಮೇಲೆ ಮಾತೇ ಕಡಮೆಯಾಯಿತು. ಶನಿವಾರ ನಾನು ಹೋದರೆ ತಲೆಯಾಡಿಸುವರು, ಕಾಫಿ ಬರುವುದು, ಕುಡಿದು ಬರುತ್ತಿದ್ದೆ. ಹೀಗೆ ಎರಡು ವರ್ಷ.

ಬೆಂಗಳೂರಿನಲ್ಲಿ ಓದುತ್ತಿರುವ ಮೊಮ್ಮಗಳು ಒಂದು ರಜೆಯಲ್ಲಿ ಟ್ಯಾಬ್ಲೆಟ್ಟನ್ನು ತಂದಳು. ಅದರಲ್ಲಿ ಭಾರತವನ್ನು ತುಂಬಿಸಿದ್ದಳು. ಒಂದೊಂದು ಅಕ್ಷರವನ್ನೂ ಹೆಬ್ಬೆರಳಿನಷ್ಟು ದೊಡ್ಡದು ಮಾಡಬಹುದು, ಒಂದು ಬೆರಳು ತಾಗಿಸಿದರೆ ಪುಟ ತಿರುಗುತ್ತದೆ. ಜೊತೆಗೆ ದೇವರಾಜ ಅರಸು ರಸ್ತೆಯಲ್ಲಿ ಕೊಂಡ ಮಡಿಸುವ ಸ್ಟ್ಯಾಂಡು. ಮೇಷ್ಟ್ರು ಅದನ್ನು ನೋಡಿದರು, ಮುಖ ತಿರುಗಿಸಿದರು. ಹುಡುಗಿ ನನಗೆ ಫೋನು ಮಾಡಿದಳು: 'ಸಾರ್, ನೀವಾದರೂ ಬಂದು ತಾತನಿಗೆ ಹೇಳಿ.'

ಹೇಳಲು ಹೋದವನಿಗೆ ಸಿಕ್ಕಿದ್ದು ಪಾಠ. ಎರಡು ವರ್ಷದಿಂದ ಮೂರು ಮಾತು ಜೋಡಿಸದಿದ್ದ ಮನುಷ್ಯ, ಒಂದೊಂದು ಪದವನ್ನೂ ನೆಲದಿಂದ ಎತ್ತಿದಂತೆ ಎತ್ತಿ ಹೇಳಿದರು: 'ಪ್ರೊಫೆಸರೆ, ಇದರೊಳಗೆ ಬೆಳಿಗ್ಗೆ ಷೇರು ಪೇಟೆ. ಮಧ್ಯಾಹ್ನ ಸಿನಿಮಾ. ಸಂಜೆ ಕುಮಾರವ್ಯಾಸ. ಸಿಕ್ಕಿದವರೆಲ್ಲ ಬಂದು ನಿಂತು ಹೋಗುವ ಜಾಗಕ್ಕೆ ಪೀಠ ಅಂತಾರೆಯೆ? ಬಸ್ ಸ್ಟ್ಯಾಂಡು ಅಂತಾರೆ. ಸರಿಯಾಗಿಯೇ ಹೆಸರಿಟ್ಟಿದ್ದಾರೆ, ಸ್ಟ್ಯಾಂಡು ಅಂತ.'

ನಾನು ಬಿಡಲಿಲ್ಲ. ಭಾರತವನ್ನು ಅಚ್ಚು ಹಾಕಿದ ಮುದ್ರಣಾಲಯದಲ್ಲಿಯೇ ನಾಟಕ ಕಂಪನಿಯ ಕರಪತ್ರವೂ ಅಚ್ಚಾಗಿರಬಹುದು, ಕಾಗದವೂ ಅದೇ, ಮಸಿಯೂ ಅದೇ. ಆಗ ಇಲ್ಲದ ಮೈಲಿಗೆ ಈಗೇಕೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಅಚ್ಚಾದ ಮೇಲೆ ಆ ಕಾಗದ ಬೇರೆ ಏನೂ ಆಗೋದಿಲ್ಲ,' ಎಂದರು. 'ಹರಿಯೋವರೆಗೂ ಭಾರತವಾಗಿಯೇ ಇರುತ್ತೆ.'

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಹೊಸದನ್ನು ಕಂಡರೆ ಹಳಬರಿಗೆ ಆಗದು ಎಂಬ ಸುಲಭದ ವಿವರಣೆ ಇಲ್ಲಿ ಸಲ್ಲದು. ಒಂದು ವಸ್ತು ತಾನು ಹೊತ್ತ ಮಾತಿಗೆ ಬದ್ಧವಾಗಿರುವುದಕ್ಕೂ, ಕ್ಷಣಕ್ಕೊಂದು ವೇಷ ಹಾಕುವುದಕ್ಕೂ ವ್ಯತ್ಯಾಸವಿದೆ. ನನ್ನ ಮನೆಯಲ್ಲಿಯೇ ಕಂಡಿದ್ದೇನೆ: ಊಟದ ಮೇಜಿನ ಮೇಲೆ ಸ್ಟ್ಯಾಂಡು ಬಂದ ಮೇಲೆ ನನ್ನ ಮೊಮ್ಮಗ ಕುಣಿಯುವ ಬೊಂಬೆಗಳನ್ನು ನೋಡುತ್ತ ಬಾಯಿ ತೆರೆಯುತ್ತಾನೆ, ತಾಯಿ ಅನ್ನ ಇಡುತ್ತಾಳೆ, ತಿಂದದ್ದು ಸಾರೋ ಹುಳಿಯೋ ಅವನಿಗೆ ತಿಳಿಯದು. ಕೈಗೆ ಬಿಡುವು ಸಿಕ್ಕಿತು, ಕಣ್ಣಿಗೆ ಸಂಕೋಲೆ ಬಿತ್ತು. ಅದನ್ನು ಸ್ಟ್ಯಾಂಡಿನ ತಪ್ಪು ಎನ್ನಲಾರೆ; ಸ್ಟ್ಯಾಂಡು ಅದಕ್ಕೆ ಸಹಾಯ ಮಾಡಿತೆಂಬುದು ಮಾತ್ರ ನಿಜ.

ಮೇಷ್ಟ್ರನ್ನು ಒಪ್ಪಿಸಿದ್ದು ನಾನಲ್ಲ, ಮೊಮ್ಮಗಳೂ ಅಲ್ಲ. ಅವರ ಮನೆಯವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಆ ತಾಯಿ ನಾಲ್ಕು ಮಾತು ಒಟ್ಟಿಗೆ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. 'ನೀವು ಓದೋದನ್ನು ಕೇಳಿ ಎರಡು ವರ್ಷ ಆಯಿತು. ಯಾವುದರ ಮೇಲೆ ಇಟ್ಟು ಓದಿದರೂ ನನಗೆ ಕೇಳೋದು ನಿಮ್ಮ ದನಿ,' ಎಂದು ಹೇಳಿ ಒಳಗೆ ಹೋದರು.

ಮರುದಿನ ಮೇಷ್ಟ್ರು ಎರಡು ಷರತ್ತು ಹಾಕಿದರು. ಆ ಯಂತ್ರದೊಳಗೆ ಭಾರತವೊಂದನ್ನು ಬಿಟ್ಟು ಬೇರೇನೂ ಇರಕೂಡದು. ಷೇರು ಪೇಟೆ, ಸಿನಿಮಾ, ಕರೆ, ಸಮಾಚಾರ ಎಲ್ಲವನ್ನೂ ತೆಗೆಯಬೇಕು. ಅಂದರೆ ತಮ್ಮ ಆಕ್ಷೇಪಣೆಗೆ ತಾವೇ ಪರಿಹಾರವನ್ನು ಕಂಡುಕೊಂಡಿದ್ದರು. ಅದು ಕಾಗದದಂತೆ ಭಾರತವಾಗಿಯೇ ಇರಬೇಕು. ಎರಡನೆಯದು, ಅದನ್ನು ಇಡುವುದು ತಾತನ ವ್ಯಾಸಪೀಠದ ಮೇಲೆ, ತಗಡಿನ ಮೇಲಲ್ಲ.

ಮೊದಲನೆಯದನ್ನು ಮೊಮ್ಮಗಳು ಒಂದು ಗಂಟೆಯಲ್ಲಿ ಮಾಡಿ ಮುಗಿಸಿದಳು. ಎರಡನೆಯದು ನಡೆಯಲಿಲ್ಲ. ಪೀಠವನ್ನು ಮೇಜಿನ ಮೇಲೆ ತೆರೆದಿಟ್ಟೆವು. ಪುಸ್ತಕಕ್ಕೆ ಎರಡು ಮಗ್ಗುಲುಂಟು, ಅದು ಪೀಠದ ಎರಡು ರೆಕ್ಕೆಗಳ ಮೇಲೂ ಮೈ ಚಾಚಿ ಮಲಗುತ್ತದೆ. ಒಂದೇ ಮಗ್ಗುಲಿನ ಈ ಹಲಗೆಗೆ ಆ ಭಾಗ್ಯವಿಲ್ಲ. ಅಡ್ಡವಾಗಿ ಎರಡು ರೆಕ್ಕೆಗಳ ತುದಿಗೂ ಹಾಸಿದರೆ ಚಪ್ಪಟೆಯಾಯಿತು, ಮತ್ತೆ ಕತ್ತು ಬಾಗಿಸಬೇಕು. ನಡುವಿನ ಸಂದಿನಲ್ಲಿ ನಿಲ್ಲಿಸಿ ಒಂದು ರೆಕ್ಕೆಗೆ ಒರಗಿಸಿದರೆ ಸೊಗಸಾಗಿ ನಿಂತಿತು. ಆದರೆ ಪುಟ ತಿರುಗಿಸಲು ಮೇಷ್ಟ್ರು ಎಡಗೈಯ ಬೆರಳನ್ನು ಮೇಲಿನ ಮೂಲೆಗೆ ಒತ್ತಿದ ಕೂಡಲೇ ಪೀಠವೇ ಹಿಂದಕ್ಕೆ ಸರಿಯಿತು, ಟ್ಯಾಬ್ಲೆಟ್ಟು ಓರೆಯಾಗಿ ಜಾರಿತು. ನಾನು ಹಿಡಿಯದಿದ್ದರೆ ನೆಲಕ್ಕೆ ಬೀಳುತ್ತಿತ್ತು.

ಪುಸ್ತಕಕ್ಕೂ ಈ ಯಂತ್ರಕ್ಕೂ ಇರುವ ಭೇದ ನನಗೆ ಹೊಳೆದದ್ದು ಆಗ. ಪುಸ್ತಕವನ್ನು ನಾವು ನೋಡುತ್ತೇವೆ. ಇದನ್ನು ಮುಟ್ಟುತ್ತಲೇ ಇರುತ್ತೇವೆ. ಪುಟದ ಅಂಚನ್ನು ಎತ್ತಿ ನಮ್ಮ ಕಡೆಗೆ ತರುವುದು ಪುಸ್ತಕದ ರೀತಿ. ಎದುರಿನಿಂದ ಹಿಂದಕ್ಕೆ ಒತ್ತುವುದು ಇದರ ರೀತಿ. ಒಳ್ಳೆಯ ಸ್ಟ್ಯಾಂಡು ಭಾರವನ್ನು ಹೊತ್ತರೆ ಸಾಲದು, ಬೆರಳಿನ ಒತ್ತಡವನ್ನು ತಡೆದುಕೊಳ್ಳಬೇಕು. ಅದಕ್ಕೇ ಅದರ ಹಿಂಗಾಲು ಹಿಂದಕ್ಕೆ ಚಾಚಿರುತ್ತದೆ, ಪಾದಕ್ಕೆ ಜಾರದ ರಬ್ಬರು ಹಾಕಿರುತ್ತಾರೆ, ಮುಂದೆ ತುಟಿಯಂಥ ತಡೆ ಇರುತ್ತದೆ, ಆ ತುಟಿಯ ನಡುವೆ ಚಾರ್ಜಿನ ತಂತಿ ಹೋಗಲು ಒಂದು ಬಿರುಕು. ಫೋನನ್ನು ಉದ್ದವಾಗಿ ನಿಲ್ಲಿಸಿ ಮೇಲಿನ ತುದಿಯನ್ನು ಒತ್ತಿದರೆ ಹಿಂದಕ್ಕೆ ಮಗುಚುವ ಭಯ ಹೆಚ್ಚು, ಅಡ್ಡಲಾಗಿ ಇಟ್ಟರೆ ಕಡಮೆ. ಕೊಳ್ಳುವಾಗ ಬೆರಳಿನಿಂದ ಒತ್ತಿ ನೋಡಿ ಕೊಳ್ಳಿರಿ ಎಂಬುದು ಈ ಭಾಷಣದಿಂದ ನಿಮಗೆ ಸಿಗಬಹುದಾದ ಏಕಮಾತ್ರ 'ಉಪಯುಕ್ತ' ಮಾಹಿತಿ. ಇಷ್ಟೆಲ್ಲವನ್ನೂ ಯೋಚಿಸಿದ ಬಡಗಿ, ಅವನು ಕಮ್ಮಾರನೋ ಎಂಜಿನಿಯರನೋ, ಯಾವ ದೇಶದಲ್ಲಿದ್ದಾನೋ ಕಾಣೆ.

ಮೇಷ್ಟ್ರು ತಗಡಿನ ಸ್ಟ್ಯಾಂಡನ್ನು ಎಡಗೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಅವರ ಮನೆಯವರು ಏನೂ ಹೇಳದೆ ಒಂದು ಪಂಚೆಯ ರೇಷ್ಮೆ ಅಂಚಿನ ತುಂಡನ್ನು ತಂದು ಮೇಜಿನ ಮೇಲೆ ಹಾಸಿದರು. ಅದರ ಮೇಲೆ ಸ್ಟ್ಯಾಂಡು ನಿಂತಿತು.

ಮೊದಲ ದಿನ ಅರ್ಧ ಪದ್ಯ. ರಾಗವಿಲ್ಲ, ಬರಿಯ ಅಕ್ಷರ. ಒತ್ತಕ್ಷರ ಬಂದಲ್ಲಿ ನಾಲಗೆ ಎಡವುವುದು, ಹಿಂದಕ್ಕೆ ಹೋಗಿ ಮತ್ತೆ ಏರುವುದು. ಕೈಯಲ್ಲಿ ಏನನ್ನೂ ಹಿಡಿಯಬೇಕಾಗಿರಲಿಲ್ಲವಾದ್ದರಿಂದ ಎಡಗೈ ತಾನಾಗಿ ತೊಡೆಯ ಮೇಲೆ ಬಂದು ತಾಳ ಹಾಕಲು ಶುರುವಾಯಿತು. ಎರಡು ವಾರದ ಮೇಲೆ ಆ ತಾಳ ದನಿಯನ್ನು ಹಿಡಿದು ಎಳೆದುಕೊಂಡು ಹೋಗುತ್ತಿರುವಂತೆ ನನಗೆ ಅನ್ನಿಸಿತು. ಭಾಮಿನಿಯ ಮೂರು ನಾಲ್ಕರ ನಡೆ ತೊದಲನ್ನೂ ತನ್ನೊಳಗೆ ಹಾಕಿಕೊಂಡು ನಡೆಯಬಲ್ಲದೆಂದು ನಾನು ಯಾವ ಛಂದಶ್ಶಾಸ್ತ್ರದ ಪುಸ್ತಕದಲ್ಲಿಯೂ ಓದಿರಲಿಲ್ಲ. ಮೂರು ತಿಂಗಳಿಗೆ ಒಂದು ಪದ್ಯ ಎಡವಿಲ್ಲದೆ ಬಂತು. ಹಿಂದಿನ ದನಿ ಬರಲಿಲ್ಲ. ಅದು ಬರುವುದಿಲ್ಲವೆಂದು ಅವರಿಗೂ ಗೊತ್ತು. ಎಲ್ಲ ತೆಗೆದಿದ್ದೇನೆಂದು ಮೊಮ್ಮಗಳು ಹೇಳಿದ್ದರೂ ಒಂದು ದಿನ, ಸುಯೋಧನನ ಆಸ್ಥಾನದ ನಡುವೆ, ಯಂತ್ರವನ್ನು ಹೊಸದು ಮಾಡಿಕೊಳ್ಳುವಿರಾ ಎಂದು ಒಂದು ಪ್ರಶ್ನೆ ತೆರೆಯ ಮೇಲೆ ಮೂಡಿತು. ಮೇಷ್ಟ್ರು ಅದನ್ನೂ ಗಟ್ಟಿಯಾಗಿ ಓದಿ, 'ಇದು ಪ್ರಕ್ಷಿಪ್ತ' ಎಂದರು. ಲಕ್ವದ ನಂತರ ಅವರು ನಕ್ಕದ್ದನ್ನು ನಾನು ಕಂಡದ್ದು ಆವಾಗ.

ಶನಿವಾರದ ವಾಚನವನ್ನು ಮತ್ತೆ ಆರಂಭಿಸೋಣ ಎಂದವರು ಕೇಳುಗರೇ. ಹಳೆಯ ಐದಾರು ಮಂದಿಯಲ್ಲಿ ನಾಲ್ವರು ಬಂದರು. ಉದ್ಯೋಗಪರ್ವದ ಕರ್ಣಭೇದನ ಎಂದು ಗೊತ್ತಾಯಿತು. ಮೇಷ್ಟ್ರಿಗೆ ಒಬ್ಬಳು ಮಗಳು, ಅಮೆರಿಕದಲ್ಲಿ. ನಮ್ಮ ಸಂಜೆ ಆರು ಅವರಿಗೆ ಬೆಳಿಗ್ಗೆ ಎಂಟೂವರೆ. ತಾನೂ ಕೇಳುತ್ತೇನೆ, ಫೋನಿನ ಮೂಲಕ ತೋರಿಸಿ ಎಂದು ತಾಯಿಗೆ ಹೇಳಿದ್ದಳು. ಮೊಮ್ಮಗಳು ಇನ್ನೊಂದು ಸ್ಟ್ಯಾಂಡನ್ನು ತಂದಿರಲಿಲ್ಲ. ನಾನು ನನ್ನದನ್ನು ತರುತ್ತೇನೆಂದು ಹೇಳಿ ಮರೆತು ಬಂದಿದ್ದೆ. ಇನ್ನೊಂದು ಫೋನನ್ನು ಮೇಜಿನ ಮೇಲೆ ಹೂಜಿಗೆ ಒರಗಿಸಲು ಹೋದಾಗ ಮೇಷ್ಟ್ರು ಕೈ ಅಡ್ಡ ತಂದರು.

'ಅವಳು ಕೇಳೋದಕ್ಕೆ ಬಂದವಳು. ಕೇಳೋವರು ಕೂರೋದು ಚಾಪೆಯ ಮೇಲೆ.'

ಫೋನನ್ನು ಚಾಪೆಯ ಮೇಲಿಟ್ಟೆವು. 'ಅಪ್ಪ, ನನಗೆ ಸೂರು ಕಾಣುತ್ತಿದೆ, ನೀವು ಕಾಣುತ್ತಿಲ್ಲ' ಎಂದಿತು ಫೋನು. ಒಬ್ಬರು ಚಪ್ಪಲಿ ತಂದು ಆನಿಸಲು ನೋಡಿದರು, ಎಲ್ಲರೂ ಒಟ್ಟಿಗೆ ಬೇಡ ಬೇಡವೆಂದೆವು. ಆಗ ಮೇಷ್ಟ್ರ ಮನೆಯವರು ಒಳಗಿನಿಂದ ಬೀಟೆಯ ವ್ಯಾಸಪೀಠವನ್ನು ತಂದು, ಸೆರಗಿನಿಂದ ಒರೆಸಿ, ಚಾಪೆಯ ಮೇಲೆ ತೆರೆದು, ನಡುವಿನ ಸಂದಿನಲ್ಲಿ ಫೋನನ್ನು ನಿಲ್ಲಿಸಿದರು. ಮುಟ್ಟುವವರಿಲ್ಲದ್ದರಿಂದ ಅದು ಜಾರಲಿಲ್ಲ. ಮಗಳ ಮುಖ ಓರೆಯಾಗಿ ಮೇಲಕ್ಕೆ, ಕುರ್ಚಿಯಲ್ಲಿದ್ದ ತಂದೆಯ ಕಡೆಗೆ ತಿರುಗಿತ್ತು.

ತಾತನ ಪೀಠ. ಅದರ ಮೇಲೆ ಭಾರತವನ್ನು ಬಿಟ್ಟು ಬೇರೊಂದನ್ನು ಇಟ್ಟದ್ದನ್ನು ಆ ಮನೆ ಕಂಡಿರಲಿಲ್ಲ. ನಾವೆಲ್ಲ ಮೇಷ್ಟ್ರ ಮುಖವನ್ನು ನೋಡಿದೆವು. ಅವರು ಪೀಠವನ್ನು ನೋಡಿದರು, ಅದರಲ್ಲಿದ್ದ ಮುಖವನ್ನು ನೋಡಿದರು.

'ಇರಲಿ,' ಎಂದರು.

ಓದಲು ಬಾಯಿ ತೆರೆಯುವ ಹೊತ್ತಿಗೆ ನಿಲ್ದಾಣಕ್ಕೆ ಇಳಿಯುವ ವಿಮಾನವೊಂದು ಹೆಂಚುಗಳನ್ನು ನಡುಗಿಸಿಕೊಂಡು ಹೋಯಿತು. ಮೇಷ್ಟ್ರು ಆ ಸದ್ದು ಅಡಗುವವರೆಗೆ ಕಾದಿದ್ದು, ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಪದ್ಯವನ್ನು ಮೊದಲಿನಿಂದ ಎತ್ತಿಕೊಂಡರು.